ಮೂರರಲ್ಲಿ ಬೇರೆಯದು

ಹೊಸ ಪೀಪಾಯಿಮನೆಯ ಬಾಗಿಲು ತೆಗೆದು ಒಳಗೆ ಒಂದು ಹೆಜ್ಜೆ ಇಟ್ಟವಳು ಹಾಗೇ ನಿಂತುಬಿಟ್ಟೆ. ಒದ್ದೆ ಗೋಣಿಚೀಲದ ವಾಸನೆ. ಮಳೆಯಲ್ಲಿ ನೆನೆದದ್ದನ್ನು ಯಾರೋ ಮಡಿಸಿ ಮೂಲೆಗಿಟ್ಟು ಮರೆತಹಾಗೆ. ಜೋರಾಗಿಯೇನೂ ಇರಲಿಲ್ಲ. ಓಕ್ ಮರದ ವಾಸನೆ, ವೈನಿನ ವಾಸನೆ ಎಲ್ಲ ಎಂದಿನಂತೆಯೇ ಇದ್ದವು. ಇದು ಅವುಗಳ ಕೆಳಗೆ ನೆಲಕ್ಕಂಟಿಕೊಂಡು ಕೂತಿತ್ತು.

ಹೊರಗೆ ಬಂದೆ. ಅಂಗಳದ ಜಲ್ಲಿಯ ಮೇಲೆ ನಿಂತು, ನದಿಯ ಕಡೆಯ ಗಾಳಿಯನ್ನು ಮೂಗಿನ ತುಂಬ ಎಳೆದುಕೊಂಡು ಮತ್ತೆ ಒಳಗೆ ಹೋದೆ. ಇತ್ತು. ಆದರೆ ಮೊದಲಿನಷ್ಟಿಲ್ಲ. ಮೂರನೆಯ ಸಲ ಹೋದಾಗ ಹುಡುಕಬೇಕಾಯಿತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ವಾಸನೆ ಎಲ್ಲಿಗೂ ಹೋಗುತ್ತಿರಲಿಲ್ಲ. ನನ್ನ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತಿತ್ತು.

ತಂಗಿಯ ಹೆರಿಗೆಗೆಂದು ಬಿಯಾರಿಟ್ಸ್‌ಗೆ ಹೋಗಿ ಹದಿನಾರು ದಿನ ಅಲ್ಲಿದ್ದು ಆ ದಿನವಷ್ಟೇ ಕೆಲಸಕ್ಕೆ ಬಂದಿದ್ದೆ. ಹೋಗುವ ಮೊದಲು ಇದೇ ಬಾಗಿಲನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುತ್ತಿದ್ದೆ, ಏನೂ ಗೊತ್ತಾಗಿರಲಿಲ್ಲ. ಯಾರಿಗೂ ಅವರವರ ಮನೆಯ ವಾಸನೆ ಗೊತ್ತಾಗುವುದಿಲ್ಲ ಎಂದು ಕಾಲೇಜಿನಲ್ಲಿ ಪಾಠವಾಗಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಉತ್ತರವಾಗಿಯೂ ಬರೆದಿದ್ದೆ. ಆದರೂ ನಾಲ್ಕು ತಿಂಗಳು ಒದ್ದೆ ಗೋಣಿಚೀಲದೊಳಗೆ ಕೆಲಸ ಮಾಡಿಕೊಂಡಿದ್ದೆ.

ಗಡಿಯಾರ ನೋಡಿದೆ. ಎಂಟೂ ಹತ್ತು. ಎಷ್ಟು ಹೊತ್ತು ಉಳಿದಿದೆಯೋ ಗೊತ್ತಿರಲಿಲ್ಲ. ಬಹುಶಃ ಒಂದು ಗಂಟೆ. ಆಮೇಲೆ ನಾನೂ ಉಳಿದವರಂತೆಯೇ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ವೈನ್ ವಿಮರ್ಶಕರು ಬರುವವರಿದ್ದರು. ಪ್ರತಿ ವಸಂತದಲ್ಲೂ ಬರುತ್ತಾರೆ: ಲಂಡನ್ನಿನವರು, ಬ್ರಸೆಲ್ಸಿನವರು, ಟೋಕಿಯೊದವರು. ಇನ್ನೂ ಪೀಪಾಯಿಯಲ್ಲೇ ಇರುವ ಎಳೆಯ ವೈನನ್ನು ಬಾಯಲ್ಲಿಟ್ಟು, ಉಗುಳಿ, ಪುಸ್ತಕದಲ್ಲಿ ಒಂದು ಸಾಲು ಗೀಚಿಕೊಂಡು ಹೋಗುತ್ತಾರೆ. ಆ ಸಾಲು ಆ ವರ್ಷದ ವೈನಿನ ಬೆನ್ನಿಗೆ ಮೂವತ್ತು ವರ್ಷ ಅಂಟಿಕೊಂಡಿರುತ್ತದೆ. ಈ ವರ್ಷದ್ದು ನಮ್ಮ ಮೇಷ್ಟ್ರ ಕೊನೆಯ ವೈನ್. ಸೆಪ್ಟೆಂಬರಿನ ಸುಗ್ಗಿಯ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ.

ಮೇಷ್ಟ್ರು ಎಂದರೆ ಪೀಪಾಯಿಮನೆಯ ಮೇಷ್ಟ್ರು, ಅನ್ಸೆಲ್ಮ್ ಲಾಬಾರ್ತ್. ಮೂವತ್ತೇಳು ಸುಗ್ಗಿ ಈ ಶಾತೊದಲ್ಲೇ, ಈ ವೈನ್ ತೋಟದಲ್ಲೇ ಕಳೆದವರು. ಹನ್ನೊಂದು ವರ್ಷದಿಂದ ನಾನು ಅವರ ಕೈಕೆಳಗೆ ಇದ್ದೇನೆ. ನಾನು ಹೋದಾಗ ಅವರು ರುಚಿ ನೋಡುವ ಕೋಣೆಯಲ್ಲಿ ಬಿಳಿ ಕಾಗದ ಹಾಸಿ, ಗ್ಲಾಸುಗಳನ್ನು ಎರಡು ಸಾಲಾಗಿ ಇಟ್ಟು, ಉಗುಳುವ ಬಕೆಟ್ಟುಗಳನ್ನು ಕಾಲಿನಿಂದ ಸರಿಸುತ್ತಿದ್ದರು. ಆ ಕೋಣೆಯೂ ಹೊಸ ಮನೆಯ ಒಳಗೇ ಇದೆ.

"ಬಂದ್ಯಾ? ಗಂಡೋ ಹೆಣ್ಣೋ?"

"ಹೆಣ್ಣು, ಮೇಷ್ಟ್ರೇ. ಮೂರೂವರೆ ಕಿಲೊ."

"ಸರಿ, ಉಳಿದದ್ದು ಆಮೇಲೆ ಹೇಳ್ವೆಯಂತೆ. ಕೂತ್ಕೋ. ಮೂರು ಗಂಟೆಗೆ ಟಿಬೊ ಬರ್ತಾನೆ, ಅಷ್ಟರೊಳಗೆ ನಾಳೆ ರುಚಿಗೆ ಇಡೋ ಮಿಶ್ರಣ ಆಗ್ಬೇಕು." ಟಿಬೊ ಶಾತೊದ ಯಜಮಾನ, ಮೇಷ್ಟ್ರು ಅವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು.

ವೈನುಗಳನ್ನು ಬೆರೆಸುವ ಈ ಮಿಶ್ರಣದ ದಿನ ನಮ್ಮಲ್ಲಿ ಕಾಫಿ ಕುಡಿಯುವುದಿಲ್ಲ, ಕೈಗೆ ಸೋಪು ಹಾಕುವುದಿಲ್ಲ. ಮೇಷ್ಟ್ರು ಬಾಯಿ ಬಿಡುವವರೆಗೆ ಬೇರೆಯವರು ಮಾತಾಡುವುದಿಲ್ಲ. ಬರೆದುಕೊಳ್ಳಬಹುದು ಅಷ್ಟೆ. ಬರೆದದ್ದರಲ್ಲಿ ಒಂದು ಪದವನ್ನಾದರೂ ಅವರು ಪೆನ್ಸಿಲಿನಿಂದ ಹೊಡೆದುಹಾಕದೆ ಬಿಡುವುದಿಲ್ಲ. ಹಾಗಾಗಿ ನಾನು ಪದಗಳನ್ನು ಅಳೆದು ಬಳಸುವುದನ್ನು ಕಲಿತವಳು.

ತೋಟದ ನಾಲ್ಕನೆಯ ತುಂಡಿನ ಕಾಬೆರ್ನೆ ದ್ರಾಕ್ಷಿಯ ವೈನಿಗೆ ಬಂದೆವು. ನದಿಗೆ ಮುಖ ಮಾಡಿದ ಜಲ್ಲಿದಿಬ್ಬದ ಹಳೆಯ ಬಳ್ಳಿಗಳದ್ದು, ನಮ್ಮ ವೈನಿನ ಬೆನ್ನೆಲುಬು. ಜಾಗ ಸಾಲದೆ ನವೆಂಬರಿನಲ್ಲಿ ಅದರ ಆರು ಪೀಪಾಯಿಗಳನ್ನು ಹಳೆ ಪೀಪಾಯಿಮನೆಯಲ್ಲೇ ಬಿಟ್ಟು ಉಳಿದದ್ದನ್ನೆಲ್ಲ ಹೊಸ ಮನೆಗೆ ತಂದಿದ್ದೆವು. ಒಂದೇ ಬಳ್ಳಿ, ಒಂದೇ ದಿನದ ಕೊಯ್ಲು, ಒಂದೇ ತೊಟ್ಟಿಯ ರಸ. ಮನೆ ಮಾತ್ರ ಬೇರೆ.

ಹಳೆ ಮನೆಯದನ್ನು ಮೊದಲು ಎತ್ತಿಕೊಂಡೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿದಾಗ ಅಂಚಿನಲ್ಲಿ ನೇರಳೆ ಬಣ್ಣ, ನಡುವೆ ಶಾಯಿಯಷ್ಟು ಕಪ್ಪು. ಆಡಿಸದೆ ಮೂಸಿದೆ: ಅರಳಿದ ವಯೊಲೆಟ್ ಹೂವು, ಆಗಷ್ಟೆ ಕೆತ್ತಿದ ಪೆನ್ಸಿಲು. ಆಡಿಸಿ ಮೂಸಿದೆ: ಕಪ್ಪು ಹಣ್ಣುಗಳು ಒಂದರ ಹಿಂದೊಂದು ಬಂದವು, ಅವುಗಳ ಹಿಂದೆ ತಣ್ಣನೆಯ ಕಲ್ಲು. ಬಾಯಲ್ಲಿಟ್ಟುಕೊಂಡು ಹಲ್ಲಿನ ಸಂದಿಯಿಂದ ಗಾಳಿ ಎಳೆದೆ. ಒಗರು ನಾಲಿಗೆಯ ಎರಡೂ ಬದಿಗೆ ಕೂತು, ಒರಟಾಗದೆ, ನಿಧಾನಕ್ಕೆ ಹಿಂದಕ್ಕೆ ಸರಿಯಿತು. ಉಗುಳಿದೆ. ಉಗುಳಿದ ಮೇಲೂ ಇತ್ತು. ಇಂಥ ಕಾಬೆರ್ನೆ ನನ್ನ ಕಾಲದಲ್ಲಿ ಎರಡು ಸಲ ಬಂದಿದೆ.

ಹೊಸ ಮನೆಯದನ್ನು ಎತ್ತಿಕೊಂಡೆ. ಬಣ್ಣ ಅದೇ. ಮೂಸಿದೆ. ಹೂವಿಲ್ಲ. ಹಣ್ಣು ಒಳಗಿಂದ ಚಿಲಕ ಹಾಕಿಕೊಂಡ ಹಾಗಿತ್ತು. ಬಾಯಲ್ಲಿ ಒಗರು ಅಷ್ಟೇ ಚೆನ್ನಾಗಿತ್ತು, ಆದರೆ ಸುತ್ತ ಏನೂ ಇಲ್ಲದೆ ಒಬ್ಬಂಟಿಯಾಗಿತ್ತು. ಉಗುಳಿದ ಮೇಲೆ, ಎಲ್ಲ ಮುಗಿದ ಮೇಲೆ, ಗಂಟಲ ಹಿಂದೆ ಆ ಗೋಣಿಚೀಲ.

ಹಾಳೆಯಲ್ಲಿ 'ಒದ್ದೆ' ಎಂದು ಬರೆದು ಅದರ ಮೇಲೆ ಅಂಗೈ ಇಟ್ಟೆ.

ಮೇಷ್ಟ್ರು ಎರಡನ್ನೂ ನೋಡಿ ಮುಗಿಸಿದರು. "ಹೊಸಾ ಮನೇದು ಸ್ವಲ್ಪ ಮುಚ್ಕೊಂಡಿದೆ. ಮಳೆಗಾಳಿ. ವಾರದಿಂದ ಮೋಡ ಇದೆಯಲ್ಲ, ಇಂಥಾ ದಿನ ವೈನು ಮಾತಾಡಲ್ಲ. ನಾಳೆ ಉತ್ತರದ ಗಾಳಿ ಬಂದ್ರೆ ಬಾಯಿ ಬಿಡುತ್ತೆ."

"ಅದೇ ಗಾಳೀಲಿ ಹಳೇ ಮನೇದು ಮಾತಾಡ್ತಿದೆಯಲ್ಲ, ಮೇಷ್ಟ್ರೇ."

ಅವರು ತಲೆ ಎತ್ತಿ ನೋಡಿದರು. "ಏನು ಹೇಳ್ಬೇಕು ಅಂತಿದ್ದೀಯೋ ಅದನ್ನ ಹೇಳು."

ಗ್ಲಾಸು ಕೆಳಗಿಟ್ಟೆ. "ಈ ಮನೇಲಿ ವಾಸನೆ ಇದೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಬಂತು. ವೈನಿಗೂ ಹತ್ತಿದೆ. ನಂಗನ್ಸೋದು... ಚಾವಣಿ ತೊಲೆಗಳಿಂದ."

ತೊಲೆಗಳ ಹೆಸರೆತ್ತಬಾರದಿತ್ತು. ನದಿದಂಡೆಯ ಹಳೆಯ ಗೋದಾಮು ಕೆಡವುವಾಗ ಮೇಷ್ಟ್ರೇ ಹೋಗಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ಆರಿಸಿ ತಂದ ನೂರೈವತ್ತು ವರ್ಷದ ಓಕ್ ತೊಲೆಗಳು ಅವು. ಬಂದವರಿಗೆಲ್ಲ ತಲೆ ಎತ್ತಿ ತೋರಿಸುತ್ತಿದ್ದರು. ಹಿಂದೆ ಯಾವತ್ತೋ ಹುಳ ಹಿಡಿಯದಿರಲೆಂದು ಯಾರೋ ಅವಕ್ಕೆ ಏನು ಬಳಿದಿದ್ದರೋ, ಮರಕ್ಕೆ ಬಾಯಿಲ್ಲ. ತೇವ ತಾಗಿ ಬೂಷ್ಟು ಹಿಡಿದರೆ ಆ ಔಷಧವೇ ಇಂಥ ವಾಸನೆಯಾಗಿ ಗಾಳಿಗೆ ಇಳಿಯುತ್ತದೆ, ಗಾಳಿಯಿಂದ ಪೀಪಾಯಿಗೆ.

"ನನ್ನ ತೊಲೆ," ಎಂದರು ಮೇಷ್ಟ್ರು.

"ಲ್ಯಾಬಿಗೆ ಕಳಿಸಿದ್ರೆ ನಾಲ್ಕು ದಿನ ಬೇಕು. ನಾಳೆ ಹಳೇ ಮನೇದು ಮಾತ್ರ..."

"ಹಳೇ ಮನೇಲಿರೋದು ನಲವತ್ತು ಪೀಪಾಯಿ, ಅದ್ರಲ್ಲಿ ಮೂವತ್ತನಾಲ್ಕು ಮೆರ್ಲೊ ದ್ರಾಕ್ಷೀದು! ಬೆನ್ನುಮೂಳೆ ತೆಗೆದು ಬರೀ ಮಾಂಸ ಬಡಿಸ್ತೀಯಾ ಅವ್ರಿಗೆ?" ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಹದಿನಾರು ದಿನ ಮಗು ಹಾಲುವಾಸನೆ ಕುಡ್ಕೊಂಡು ಬಂದಿದ್ದೀಯ ಎಡ್ವಿಜ್. ನಿನ್ನ ಮೂಗು ಇನ್ನೂ ತೊಟ್ಟಿಲಲ್ಲಿದೆ."

"ಮೂರು ಗ್ಲಾಸು ಇಡಿ," ಎಂದೆ. ಅದು ನಮ್ಮ ಪದ್ಧತಿ. ಎರಡರಲ್ಲಿ ಒಂದೇ ವೈನು, ಒಂದರಲ್ಲಿ ಬೇರೆ. ಯಾವುದು ಬೇರೆಯೆಂದು ಹೇಳಬೇಕು. ವಾದವನ್ನು ನಾಲಿಗೆಗೆ ಬಿಟ್ಟು ಕೂರುವುದು.

ಅವರು ನನಗೆ ಬೆನ್ನು ಮಾಡಿ ಸುರಿದರು. ಬುಡದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ನನ್ನ ಮುಂದೆ ಸಾಲಾಗಿ ಇಟ್ಟರು. ಗಡಿಯಾರ ನೋಡಬಾರದೆಂದುಕೊಂಡೇ ನೋಡಿದೆ. ಒಂಬತ್ತೂವರೆ.

ಮೊದಲನೆಯದು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು. ಮೂಗಿಗೆ ಹತ್ತಿ ತುರುಕಿದ ಹಾಗಿತ್ತು. ಮೂರೂ ವೈನುಗಳೇ. ಮೂರರಲ್ಲೂ ಹಣ್ಣು ಅರ್ಧ ಇತ್ತು, ಅರ್ಧ ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

"ಎರಡನೇದು."

ಅವರು ಮೂರನೆಯದನ್ನು ಎತ್ತಿ, ಬುಡ ತಿರುಗಿಸಿ ಗುರುತು ತೋರಿಸಿದರು. ಗೆದ್ದ ಖುಷಿ ಅವರ ಮುಖದಲ್ಲಿರಲಿಲ್ಲ. "ಹೋಗ್ಲಿ ಬಿಡು, ಮಗಳೇ. ಪ್ರಯಾಣದ ಸುಸ್ತು. ನನಗೂ ಹೀಗಾಗಿದೆ," ಎಂದು ನನ್ನ ಹಾಳೆಯನ್ನು ಎಳೆದುಕೊಂಡು, 'ಒದ್ದೆ' ಎಂಬ ಪದದ ಮೇಲೆ ಒಂದು ಗೆರೆ ಎಳೆದರು.

ಮುಂದಿನ ಎರಡೂವರೆ ಗಂಟೆ ನಾವು ಮಿಶ್ರಣ ಮಾಡಿದೆವು. ಅಳತೆಯ ಕೊಳವೆಯಲ್ಲಿ ಇಷ್ಟು ಮೆರ್ಲೊ, ಇಷ್ಟು ಕಾಬೆರ್ನೆ. ನಾನು ಅಳೆದು ಸುರಿದೆ. ಬೆಳಿಗ್ಗೆ ನಾನು ಮೂಸಿದ್ದೇ ಸುಳ್ಳಿರಬಹುದೆ ಎಂದು ಯೋಚಿಸುತ್ತಿದ್ದೆ. ಮನೆ ಬಿಡುವಾಗ ಅನಿಲದ ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಹಿಂದಿರುಗಿ ನೋಡುವ ಹೆಂಗಸು ನಾನು. ಇಲ್ಲದ ಬೆಂಕಿಯನ್ನು ಹುಡುಕುವ ಅಭ್ಯಾಸ ನನಗೆ ಚೆನ್ನಾಗಿ ಗೊತ್ತು. ಒಂದೇ ಒಂದು ಮಾತು ಮಾತ್ರ ಬಿಡಲೊಲ್ಲದು: ಮೂರನೆಯ ಸಲಕ್ಕೆ ವಾಸನೆ ಕಡಿಮೆಯಾಗಿತ್ತು. ಇಲ್ಲದ್ದು ಕಡಿಮೆಯಾಗುವುದು ಹೇಗೆ?

ಹನ್ನೆರಡೂವರೆಗೆ ಮೇಷ್ಟ್ರ ಮನೆಗೆ ಊಟಕ್ಕೆ ನಡೆದೆವು. ಅಂಗಳದ ಆಚೆ ಬದಿಗೆ ಅವರ ಮನೆ. ಕಾಬೆರ್ನೆಯ ಎರಡೂ ಮಾದರಿ ಬಾಟಲಿಗಳನ್ನು ಮೇಷ್ಟ್ರು ಕಂಕುಳಲ್ಲಿ ತಂದಿದ್ದರು. ಊಟದ ಜೊತೆ ಇನ್ನೊಮ್ಮೆ ನೋಡುವುದು ಅವರ ರೂಢಿ. ಜಗಲಿಯ ಮೊಳೆಗೆ ಕೋಟು ನೇತುಹಾಕಿ ಒಳಗೆ ಹೋದರು. ಮಾರ್ಚ್ ತಿಂಗಳು, ಚಳಿ ಇನ್ನೂ ಇತ್ತು. ಒಳಗೆ ಬಾಗಿಲ ಹಿಂದೆ ಖಾಲಿ ಗೂಟವೂ ಇತ್ತು.

ಅವರ ಹೆಂಡತಿ ಜೋಸಿಯಾನ್ ಕೋಸು-ಬೀನ್ಸಿನ ಸೂಪು ಬಡಿಸಿದಳು. "ಏನು, ಇಬ್ರೂ ಸಾವಿನ ಮನೆಯಿಂದ ಬಂದ ಹಾಗಿದ್ದೀರಿ?"

"ಎಡ್ವಿಜ್ ನನ್ನ ತೊಲೆಗಳ ಮೇಲೆ ದೂರು ಕೊಟ್ಟಿದ್ದಾಳೆ," ಎಂದರು ಮೇಷ್ಟ್ರು. "ನನ್ನ ಮೂಗಿಗೆ ಮೂವತ್ತೇಳು ಸುಗ್ಗಿ ಆಗಿದೆ ಅಂತ ಅವಳಿಗೆ ಹೇಳು."

"ಹಾಗಾದ್ರೆ ಅದಕ್ಕೂ ಪೆನ್ಶನ್ ಕೊಡ್ಸು."

ಅವರು ನಕ್ಕರು. ಬಟ್ಟಲಿನ ತಳದಲ್ಲಿ ಎರಡು ಚಮಚ ಬಿಸಿ ಸಾರು ಉಳಿದಾಗ, ಅವರಪ್ಪ ಮಾಡುತ್ತಿದ್ದಂತೆಯೇ, ಅದಕ್ಕೆ ವೈನು ಸುರಿದು, ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ಕುಡಿದರು. ಸುರಿದದ್ದು ಹೊಸ ಮನೆಯ ಬಾಟಲಿಯಿಂದ; ನನಗೆ ತೋರಿಸಲೆಂದೇ. ಬಿಸಿಗೆ ಆವಿ ಎದ್ದಿತು. ನನಗೆ ಕೋಸಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಆದರೆ ನಾನು ಜೋಸಿಯಾನಳನ್ನು ನೋಡುತ್ತಿದ್ದೆ. ಅವಳು ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಅಷ್ಟೆ. ಮುಖ ತಿರುಗಿಸಲಿಲ್ಲ. ಗಂಡನ ಬಟ್ಟಲನ್ನು ತೆಗೆಯುವಾಗ ಉಸಿರು ಹಿಡಿದಿದ್ದಳು.

ಹೊರಗಿನ ಕೋಟು. ಒಳಗಿನ ಖಾಲಿ ಗೂಟ.

"ಜೋಸಿಯಾನ್, ನೀವು ಹೊಸಾ ಪೀಪಾಯಿಮನೆಗೆ ಯಾವಾಗಾದ್ರೂ ಹೋಗಿದ್ದೀರಾ?"

"ನಾನ್ಯಾಕೆ ಹೋಗ್ಲಿ? ಅಲ್ಲಿ ಕೂರೋಕೆ ಒಂದು ಕುರ್ಚಿ ಇಲ್ಲ."

"ಮೇಷ್ಟ್ರೇ, ಮೂರು ಗ್ಲಾಸು ಇಡಿ. ಇವರ ಮುಂದೆ."

"ನನ್ನ ಮುಂದೇನಾ?" ಜೋಸಿಯಾನ್ ಸೌಟು ಕೆಳಗಿಟ್ಟಳು. "ನಂಗೆ ಗೊತ್ತಿರೋದು ಕೆಂಪು, ಬಿಳಿ ಅಷ್ಟೆ, ಹುಡುಗಿ. ಕೆಂಪಾದ್ರೆ ಬಟ್ಟೆ ಮೇಲೆ ಕಲೆ ಬೀಳುತ್ತೆ."

"ಕುಡೀಬೇಡಿ. ಮೂಸಿ ಸಾಕು."

ಮೇಷ್ಟ್ರು ನನ್ನ ಕಡೆ ತಿರುಗಿದರು. ಬೆಳಿಗ್ಗೆ ಸೋತವಳು ಮತ್ತೆ ಆಟಕ್ಕೆ ಕರೆಯುವುದು ಮರ್ಯಾದೆಯಲ್ಲ. ನನಗದು ಗೊತ್ತಿತ್ತು. ಇನ್ನೊಂದು ಸಲ ತಪ್ಪಾದರೆ, ನಾಳೆಗೆ ಮಾತ್ರವಲ್ಲ, ಇನ್ನು ಮುಂದೆ ನನ್ನ ಮೂಗಿನ ಮಾತನ್ನು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಟಿಬೊ ಬರಲು ಎರಡು ಗಂಟೆಯೂ ಇರಲಿಲ್ಲ.

"ಆಗ್ಲಿ," ಎಂದರು. "ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ."

ಅಡುಗೆಮನೆಯಲ್ಲಿ ಸೂಪಿನ ವಾಸನೆ. ಜಗಲಿಯ ಕಲ್ಲಿನ ಮೇಜಿಗೆ ಹೋದೆವು. ಮೇಷ್ಟ್ರು ಬಾಗಿಲ ಹಿಂದೆ ಸುರಿದು ತಂದು ಮೂರು ಗ್ಲಾಸು ಇಟ್ಟರು. ಜೋಸಿಯಾನ್ ಕೂತವಳು ಎದ್ದು ನಿಂತಳು.

"ಮೊದ್ಲು ಈ ಕೋಟು ಆಚೆ ತಗೊಂಡು ಹೋಗು. ಇದು ಇಲ್ಲಿದ್ರೆ ಯಾವ್ದೂ ಮೂಸೋಕಾಗಲ್ಲ."

ಕೋಟನ್ನು ನಾನೇ ತೆಗೆದುಕೊಂಡು ಹೋಗಿ ಬೇಲಿಯ ತಂತಿಗೆ ಹಾಕಿ ಬಂದೆ.

ಅವಳು ಮೂಸುವ ರೀತಿಯೇ ಬೇರೆ. ಗ್ಲಾಸು ಆಡಿಸಲಿಲ್ಲ, ಹಾಲು ಕೆಟ್ಟಿದೆಯೇ ಎಂದು ನೋಡುವವಳಂತೆ ಒಂದೊಂದಕ್ಕೂ ಒಂದೇ ಉಸಿರು. ನಡುವಿನದನ್ನು ಬೆರಳಿನಿಂದ ದೂರ ತಳ್ಳಿದಳು. "ಇದು."

ಮೇಷ್ಟ್ರು ಬುಡ ನೋಡಿದರು. "ಅದೃಷ್ಟ. ಮೂರರಲ್ಲೊಂದು ಯಾರಿಗಾದ್ರೂ ಬರುತ್ತೆ."

ಎರಡನೆಯ ಸಲ ಬದಲಾಯಿಸಿ ತಂದರು: ಎರಡರಲ್ಲಿ ಹೊಸ ಮನೆಯದು, ಒಂದರಲ್ಲಿ ಹಳೆಯದು. ಜೋಸಿಯಾನ್ ಎರಡನ್ನು ಒಟ್ಟಿಗೆ ತಳ್ಳಿ ಬಲಗಡೆಯದನ್ನು ತನ್ನ ಕಡೆ ಎಳೆದುಕೊಂಡಳು. "ಇದೊಂದೇ ಬಾಯಿಗಿಡೋ ಹಾಗಿರೋದು."

ಅವರು ಬುಡ ನೋಡಿದರು: ಸರಿ. ಮೂರನೆಯ ಸಲವೂ ಸರಿ. ನಾನು ಒಂದು ಸಲ ಅವಳ ನಂತರ ಬಗ್ಗಿ ಮೂಸಿದೆ. ನನಗೆ ಒಂದೂ ತಿಳಿಯಲಿಲ್ಲ. ನನ್ನದೇ ಮಾತಿಗೆ ನಾನೇ ಸಾಕ್ಷಿಯಾಗಲಾರದೆ, ಇನ್ನೊಬ್ಬಳ ಮೂಗಿನ ಹಿಂದೆ ನಿಂತಿದ್ದೆ.

ನಾಲ್ಕನೆಯ ಸಲ ಬಾಗಿಲ ಹಿಂದೆ ಅವರು ಬಹಳ ಹೊತ್ತು ತೆಗೆದುಕೊಂಡರು. ಮೂರು ಗ್ಲಾಸು ತಂದಿಟ್ಟರು.

ಜೋಸಿಯಾನ್ ಮೂಸಿದಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಮೂಸಿದಳು, ಇಷ್ಟು ಹೊತ್ತು ಎರಡನೆಯ ಸಲ ಮೂಸಿರಲಿಲ್ಲ. ಮೂರನೆಯ ಬಾರಿಗೆ ಮೊದಲಿನಿಂದ ಹೊರಟಳು. ನಂತರ ಗ್ಲಾಸುಗಳಿಂದ ಮುಖ ಎತ್ತಿ ಗಂಡನನ್ನು ನೋಡಿದಳು.

"ಏನಾಟ ಇದು? ಮೂರೂ ಒಂದೇ. ಮೂರೂ ಚೆನ್ನಾಗಿದೆ. ಈ ವಯಸ್ಸಲ್ಲಿ ಹೆಂಡ್ತಿಗೆ ಮೋಸ ಮಾಡ್ತೀಯಾ?"

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಮೂರು ಗ್ಲಾಸಿಗೂ ಹಳೆ ಮನೆಯದನ್ನೇ ಸುರಿದಿದ್ದರು.

ತಂತಿಯ ಮೇಲೆ ಕೋಟಿನ ತೋಳು ಗಾಳಿಗೆ ಆಡುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಯಾವಾಗಿಂದ?" ಎಂದರು.

"ಏನು ಯಾವಾಗಿಂದ?"

"ಕೋಟನ್ನ ಹೊರಗೆ ಹಾಕೋದು. ಚಳಿಗಾಲ ಎಲ್ಲ ಹೊರಗೇ ಹಾಕ್ಸಿದ್ದೀಯ. ಒಳಗೆ ಮಣ್ಣಾಗುತ್ತೆ ಅಂದಿದ್ದೆ."

ಜೋಸಿಯಾನ್ ಮೇಜಿನ ಮೇಲೆ ಇಲ್ಲದ ಚೂರುಗಳನ್ನು ಕೈಯಿಂದ ಒರೆಸಿದಳು. "ಕ್ರಿಸ್ಮಸ್‌ಗೆ ಮುಂಚಿಂದ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಬರೀ ಕೋಟಲ್ಲ, ಕೂದಲಲ್ಲೂ ಇತ್ತು. ದಿಂಬಲ್ಲೂ ಇತ್ತು." ಅವಳು ನನ್ನ ಕಡೆ ನೋಡದೆ ಮಾತಾಡುತ್ತಿದ್ದಳು. "ನಮ್ಮಪ್ಪಂಗೂ ಕೊನೆ ಎರಡು ವರ್ಷ ಹೀಗೇ ವಾಸನೆ ಬರ್ತಿತ್ತು. ನಿಂಗೂ ವಯಸ್ಸಾಯ್ತು ಅಂದ್ಕೊಂಡೆ, ಅನ್ಸೆಲ್ಮ್. ಅದು ನೀನೇ ಅಂದ್ಕೊಂಡೆ. ಅದನ್ನ ನಿಂಗೆ ಹೇಗೆ ಹೇಳೋದು?"

ಮೇಷ್ಟ್ರು ಮುಖವನ್ನು ಎರಡೂ ಕೈಗಳಿಂದ ಉಜ್ಜಿಕೊಂಡರು. ಅವರ ಭುಜ ಅಲುಗಿದ್ದು ನೋಡಿ ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಹೆಚ್ಚು ಹೊತ್ತು ನಗಲಿಲ್ಲ.

"ನಾನಲ್ಲ," ಎಂದರು. "ನನ್ನ ತೊಲೆ."

"ಗೊತ್ತಾಯ್ತು ಬಿಡು," ಎಂದು ಜೋಸಿಯಾನ್ ಎದ್ದು ಒಳಗೆ ಹೋದಳು. ಒಳಗೆ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿತ್ತು.

ಒಂದೂವರೆಯಾಗಿತ್ತು. ಮೇಷ್ಟ್ರು ಎದ್ದರು. "ಬೆಳಿಗ್ಗೆ ಮಾಡಿದ್ದನ್ನೆಲ್ಲ ಚೆಲ್ಲು. ಹೊಸಾ ಮನೇದು ಲ್ಯಾಬಿಗೆ ಹೋಗ್ಲಿ, ಅಲ್ಲೀವರೆಗೆ ಒಂದು ತೊಟ್ಟೂ ಯಾರೂ ಮುಟ್ಬಾರ್ದು. ನಾಳೆ ಹಳೇ ಮನೆ ಮಾತ್ರ. ಆರು ಪೀಪಾಯಿ ಕಾಬೆರ್ನೆ ಇದೆಯಲ್ಲ, ಅಷ್ಟರ ಬಲದಲ್ಲೇ ಮಿಶ್ರಣ ನಿಲ್ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಈಗ ನಿಂಗೇನಾದ್ರೂ ಮೂಗಿದೆಯಾ?"

"ಇಲ್ಲ, ಮೇಷ್ಟ್ರೇ."

"ನನಗಂತೂ ಕ್ರಿಸ್ಮಸ್‌ನಿಂದ ಇಲ್ಲ." ಅದನ್ನು ಹೇಳುವಾಗ ಅವರು ನನ್ನನ್ನು ನೇರವಾಗಿ ನೋಡಿದರು. "ಬಾಯಿ ಇದೆ. ಒಗರು ಎಷ್ಟಿದೆ, ಎಲ್ಲಿ ಕೂರುತ್ತೆ, ಅದನ್ನ ನಾನು ನೋಡ್ಕೋತೀನಿ. ನೀನು ನದಿ ಹತ್ರ ಹೋಗಿ ನಿಲ್ಲು. ಟಿಬೊಗೆ ಕಾಯೋಕೆ ಹೇಳ್ತೀನಿ. ಮೂಗು ಬರೋವರೆಗೆ ಬರ್ಬೇಡ."

ಬಳ್ಳಿಯ ಸಾಲುಗಳ ನಡುವೆ ನಡೆದು ಹೋದೆ. ಮೊಗ್ಗುಗಳು ಇನ್ನೂ ತಮ್ಮ ಹತ್ತಿಯಂಥ ರೋಮದೊಳಗೆ ಇದ್ದವು. ಸಮುದ್ರದ ಇಳಿತಕ್ಕೆ ನದಿಯಲ್ಲೂ ನೀರು ಇಳಿದಿತ್ತು, ಕಂದು ಕೆಸರು ಬಯಲಾಗಿತ್ತು. ಮೊದಲಿಗೆ ಏನೂ ಇಲ್ಲ. ಇದು ಶಾಶ್ವತವಾಗಿ ಹೋಗಿದ್ದರೆ ಎಂಬ ಯೋಚನೆ ಬಂತು, ನನಗೆ ಬಾರದಿರುವುದುಂಟೆ? ಒಂದು ಗಂಟೆಗೂ ಹೆಚ್ಚು ನಿಂತೆ. ಕಿವಿಗೆ ಗಾಳಿ ಹೊಡೆದು ನೋಯತೊಡಗಿತು. ಆಮೇಲೆ ನಿಧಾನಕ್ಕೆ, ಪಕ್ಕದ ಕೋಣೆಯಲ್ಲಿ ಯಾರೋ ದೀಪ ಹಚ್ಚಿದಂತೆ, ಕೆಸರಿನ ವಾಸನೆ ಬಂತು. ಅದರ ಹಿಂದೆ ಉಪ್ಪು. ನನ್ನದೇ ಕೋಟಿನ ತೋಳನ್ನು ಮೂಗಿಗೆ ಹಿಡಿದೆ. ಗೋಣಿಚೀಲ. ತೆಗೆದು ಒಂದು ಕಂಬಕ್ಕೆ ಹಾಕಿ, ಸ್ವೆಟರಿನಲ್ಲೇ ಹಿಂದಿರುಗಿದೆ.

ಅಂಗಳದಲ್ಲಿ ಟಿಬೊನ ಕಾರು ನಿಂತಿತ್ತು. ಜಗಲಿಯಲ್ಲಿ ಅವನು ಮೇಷ್ಟ್ರ ಎದುರು ಕೂತಿದ್ದ, ಮುಖ ಬಿಳಿಚಿತ್ತು. "...ಆರಿಸಿದ್ದು ನಾನು," ಎನ್ನುತ್ತಿದ್ದರು ಮೇಷ್ಟ್ರು. "ಒಂದೊಂದನ್ನೂ ತಟ್ಟಿ ನೋಡಿ ಆರಿಸಿದ್ದು ನಾನು. ಬೇರೆ ಯಾರನ್ನೂ ಕೇಳ್ಬೇಡ."

ಕಲ್ಲಿನ ಮೇಜಿನ ಮೇಲೆ ಹಳೆ ಮನೆಯ ಐದು ಮಿಶ್ರಣಗಳು ಸಾಲಾಗಿದ್ದವು. ನನ್ನ ಹಾಳೆ ಮೇಷ್ಟ್ರ ಮುಂದಿತ್ತು, ಪೆನ್ಸಿಲು ಅವರ ಕೈಯಲ್ಲಿ.

"ಮೂರನೇದು ಬಾಯಲ್ಲಿ ಸರಿಯಾಗಿ ನಿಂತಿದೆ," ಎಂದರು. "ಮೂಗಲ್ಲಿ ಏನಿದೆ ಹೇಳು."

ಗ್ಲಾಸಿನ ಮೇಲೆ ಬಗ್ಗಿದೆ. ಹನ್ನೊಂದು ವರ್ಷದಲ್ಲಿ ಅವರು ತಮ್ಮ ಮಾತಿಗೆ ಮೊದಲು ನನ್ನ ಮಾತು ಕೇಳಿದ್ದು ಅದೇ ಮೊದಲು. ಅವಸರ ಮಾಡಲಿಲ್ಲ. ಟಿಬೊ ಕುರ್ಚಿಯಲ್ಲಿ ಅಲುಗಿದ. ಮೇಷ್ಟ್ರು ಅವನಿಗೆ ಸುಮ್ಮನಿರು ಎಂದು ಕೈ ತೋರಿಸಿದರು.

"ಹೂವಿದೆ," ಎಂದೆ. "ಕಡಿಮೆ. ಆದರೆ ಇದೆ."

ಅವರು ಬರೆದುಕೊಂಡರು. 'ಕಡಿಮೆ' ಎಂಬುದನ್ನೂ ಬರೆದುಕೊಂಡರು.